ರೋಬೋ ಬರುವ ತನಕ

ಆಸ್ಪತ್ರೆಯ ಉಗ್ರಾಣದ ಗುಮಾಸ್ತರನ್ನು ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಯಾವ ಸಭೆಗೂ ಕರೆದಿರಲಿಲ್ಲ. ಹತ್ತಿ, ಬ್ಯಾಂಡೇಜು, ಕೈಗವಸು, ಹೊಲಿಗೆ ದಾರ, ಇವುಗಳ ಎಣಿಕೆಗೆ ಸಭೆಯ ಅಗತ್ಯ ಬೀಳುವುದಿಲ್ಲ. ಅವರು ನೆಲಮಾಳಿಗೆಯಲ್ಲಿ ಕಬ್ಬಿಣದ ಕಪಾಟುಗಳ ನಡುವೆ ಕೂತು, ಮೇಲಿಂದ ಚೀಟಿ ಬಂದರೆ ಸಾಮಾನು ಕೊಟ್ಟು, ಚೀಟಿ ಬರದಿದ್ದರೆ ಕೊಡದೆ, ಅದೇ ನಿಷ್ಠೆಯಲ್ಲಿ ತಲೆಗೂದಲು ಕಳೆದುಕೊಂಡವರು. ಬೀದಿಯಲ್ಲಿ ಅವರಿಗೆ ‘ಹತ್ತಿ ಗುಮಾಸ್ತರು’ ಎಂದು ಹೆಸರು. ಆ ಹೆಸರಿನಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂಬುದು ಮಾತ್ರ ಅವರ ಎಣಿಕೆಗೆ ಸಿಕ್ಕಿರಲಿಲ್ಲ.

ಅಂಥವರ ಮೇಜಿಗೆ ಒಂದು ಸೋಮವಾರ ಪತ್ರ ಬಂತು. ಆಪರೇಷನ್ನಿಗೆ ರೋಬೋ ಯಂತ್ರ ಕೊಳ್ಳಬೇಕೋ ಬೇಡವೋ, ಸುರಿಯುವ ಹಣಕ್ಕೆ ತಕ್ಕ ಪ್ರಯೋಜನ ರೋಗಿಗೆ ಇದೆಯೋ ಇಲ್ಲವೋ ಎಂದು ಪರಿಶೀಲಿಸಲು ಸಮಿತಿಯೊಂದು ನೇಮಕವಾಗಿದೆ. ಸದರಿ ಸಮಿತಿಯ ಸಭೆಗೆ ಉಗ್ರಾಣದ ಗುಮಾಸ್ತರು ಅಂಕಿಅಂಶಗಳೊಂದಿಗೆ ಹಾಜರಿರತಕ್ಕದ್ದು.

ಹಾಜರಿರತಕ್ಕದ್ದು ಎಂದರೆ ಫೈಲು ಹಿಡಿದು ಬಾಗಿಲ ಪಕ್ಕ ನಿಂತಿರುವುದು ಎಂದು ಅರ್ಥ. ಅದು ಗುಮಾಸ್ತರಿಗೂ ಗೊತ್ತಿತ್ತು. ಆದರೆ ಪತ್ರವನ್ನು ಜೇಬಿಗಿಟ್ಟುಕೊಂಡು ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಅದು ‘ಭಾಗವಹಿಸತಕ್ಕದ್ದು’ ಆಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೂತ ಮೇಲೆ ‘ಸದಸ್ಯರು’ ಆಯಿತು. ಅಕ್ಕನ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಸಮಿತಿ ಮುಕ್ಕಾಲು ಪಾಲು ಅವರದೇ ಆಗಿತ್ತು.

ಅಕ್ಕನ ಮನೆಯಲ್ಲಿ ಆವತ್ತು ಯಾರ ಮುಖದಲ್ಲೂ ಕಳೆ ಇರಲಿಲ್ಲ. ಭಾವ ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವರು. ಮದುವೆ, ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ, ಎಲ್ಲದಕ್ಕೂ ಬ್ಯಾಂಡು ಹೋಗುತ್ತಿತ್ತು. ಭಾನುವಾರ ಸಂಜೆ ಪಾರ್ಕಿನಲ್ಲಿ ಪುಕ್ಕಟೆ ನುಡಿಸುತ್ತಿತ್ತು. ಜನ ಬರುತ್ತಿದ್ದದ್ದು ಭಾವನ ಟ್ರಂಪೆಟ್ಟಿಗೆ. ಒಂದು ಸ್ವರವನ್ನು ಮೇಲೆತ್ತಿ ಅವರು ಹಿಡಿದು ನಿಲ್ಲಿಸಿದರೆಂದರೆ, ಬೆಂಚಿನ ಮೇಲೆ ಕೂತವರು ತಾವೂ ಉಸಿರು ಬಿಡದೆ ಕಾಯುತ್ತಿದ್ದರು. ಆ ಭಾವನಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಗುಮಾಸ್ತರ ಆಸ್ಪತ್ರೆಯ ಸರ್ಜನ್ ಮೇಡಂ ನೋಡಿ, ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ತೆಗೆದುಬಿಡೋಣ ಅಂದಿದ್ದರು. ಎರಡು ದಿನ ಆಸ್ಪತ್ರೆ, ಎರಡು ತಿಂಗಳಿಗೆ ಮತ್ತೆ ಟ್ರಂಪೆಟ್. ಮುಂದಿನ ಗುರುವಾರ ತಾರೀಖೂ ಕೊಟ್ಟಿದ್ದರು.

ಭಾವ ಅಂಗಿ ಮೇಲೆತ್ತಿಕೊಂಡು ಗೋಡೆಗೊರಗಿ ಕೂತಿದ್ದರು. ಊದುವವನ ಗಂಟಲು ಇರುವುದೇ ಹೊಟ್ಟೆಯಲ್ಲಿ, ಅಲ್ಲಿ ಕೊಯ್ಯುವಾಗ ಮೇಡಮ್ಮಿನ ಕೈ ಒಂದು ಕೂದಲೆಳೆ ಅಲುಗಿದರೆ ತನ್ನ ಗತಿಯೇನು ಎಂದು ಅವರ ಚಿಂತೆ. ಅಕ್ಕ ಎಷ್ಟು ಸಮಾಧಾನ ಹೇಳಿದರೂ ನಾಟಿರಲಿಲ್ಲ.

ಗುಮಾಸ್ತರು ಪತ್ರವಿದ್ದ ಜೇಬನ್ನು ಮುಟ್ಟಿಕೊಂಡರು.

“ಭಾವ, ಕೂದಲೆಳೆ ಅಲುಗದ ಕೈ ಬರ್ತಾ ಇದೆ” ಅಂದರು. “ರೋಬೋ. ಅದನ್ನ ತರಿಸೋ ಸಮಿತಿಯಲ್ಲಿ ನಾನಿದ್ದೀನಿ. ಮೊದಲನೇ ಪೇಷಂಟು ನೀವೇ ಅಂತ ಬರೆಸಿಬಿಡ್ತೀನಿ.”

ಆ ಕ್ಷಣ ಭಾವ ಅಂಗಿ ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ಮನುಷ್ಯನ ಮುಖದಿಂದ ಭಯ ಇಳಿದುಹೋಗುವುದನ್ನು ಅಷ್ಟು ಹತ್ತಿರದಿಂದ ಗುಮಾಸ್ತರು ಹಿಂದೆ ನೋಡಿರಲಿಲ್ಲ. ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೇ ಮನೆಗೆ ಹೋದರು.

ಮೂರನೆಯ ದಿನ ಗೊತ್ತಾಯಿತು: ಅಕ್ಕ ಆಸ್ಪತ್ರೆಗೆ ಫೋನ್ ಮಾಡಿ, ಗುರುವಾರದ ಆಪರೇಷನ್ ಬೇಡ ಎಂದುಬಿಟ್ಟಿದ್ದಳು; ರೋಬೋ ಬಂದ ಮೇಲೆ ಮಾಡಿಸಿದರಾಯಿತು ಎಂಬುದು ಮನೆಯವರ ಲೆಕ್ಕ. ಆಗಲೇ ಗುಮಾಸ್ತರು ಬಾಯಿಬಿಡಬೇಕಿತ್ತು. ಬಿಟ್ಟರು, ಆದರೆ ಹೊರಗೆ ಬಂದದ್ದು ‘ಒಳ್ಳೇದಾಯ್ತು ಬಿಡು’ ಎಂಬ ಮಾತು.

ಸುದ್ದಿ ಬೀದಿಗೆ ಬಿದ್ದದ್ದು ಕ್ಷೌರದ ಅಂಗಡಿಯಿಂದ. ಕ್ಷೌರಿಕನಿಗೆ ಮೊದಲು ಹುಟ್ಟಿದ ಸಂಶಯ ಅವನ ಕಸುಬಿನದು: ಆಪರೇಷನ್ನಿಗೆ ಮುಂಚೆ ಹೊಟ್ಟೆಯ ಮೇಲಿನ ಕೂದಲು ತೆಗೆಯುವುದು ರೋಬೋನೋ, ಮನುಷ್ಯನೋ? ಆ ಕೆಲಸ ಮನುಷ್ಯರಿಗೇ ಮೀಸಲು ಎಂದು ಗುಮಾಸ್ತರು ಅಲ್ಲೇ ತೀರ್ಮಾನ ಕೊಟ್ಟರು. ಆವತ್ತು ಅವರ ಕಿವಿಯ ಹಿಂದೆ ಎಂದೂ ಇಲ್ಲದ ಶ್ರದ್ಧೆಯಿಂದ ಕತ್ತರಿ ಆಡಿತು. ಎರಡನೆಯ ದಿನ ದಿನಸಿ ಅಂಗಡಿಯವರು ಬಂದು, ತಮ್ಮ ಅಣ್ಣನ ಮಗನಿಗೆ ಲಾರಿ ಓಡಿಸಲು ಬರುತ್ತದೆ, ರೋಬೋ ಓಡಿಸುವ ಕೆಲಸ ಕೊಡಿಸಬೇಕು ಎಂದು ಅರ್ಜಿ ಕೊಟ್ಟರು. ಮೂರನೆಯ ದಿನ ಮಹಡಿ ಮನೆಯ ಮುದುಕಿ ಕಾಲಿನ ಆಣಿ ತೋರಿಸಿದರು. ವಾರದೊಳಗೆ ಗುಮಾಸ್ತರ ಬಳಿ ಹದಿನಾಲ್ಕು ಜನರ ಪಟ್ಟಿ ತಯಾರಾಯಿತು. ಅದರಲ್ಲಿ ಮೂರು ಹರ್ನಿಯಾ, ಎರಡು ಮೂಲವ್ಯಾಧಿ, ಒಂದು ಹಲ್ಲು. ಹೆಸರೂ ‘ರೋಬೋ ಸಾಹೇಬರು’ ಎಂದು ಬದಲಾಯಿತು. ಹೆಂಡತಿ ಮಾತ್ರ ಪಟ್ಟಿಯನ್ನು ಓದಿ, ಮಡಚಿ, ಗಂಡನ ಕೈಗೆ ವಾಪಸು ಕೊಟ್ಟಳು.

“ರೀ, ನಿಮ್ಮನ್ನ ಕರೆದಿರೋದು ಕೈಗವಸಿನ ಲೆಕ್ಕ ಹೇಳೋಕಲ್ವಾ?” ಅಂದಳು.

ಅದಕ್ಕೆ ಅವರು ದೊಡ್ಡ ವಿಷಯಗಳೆಲ್ಲ ಕೈಗವಸಿನಿಂದಲೇ ಶುರುವಾಗುವುದು ಎಂದು ಉತ್ತರ ಕೊಟ್ಟರಂತೆ.

ಸಭೆಗೆ ಒಂದು ವಾರ ಮುಂಚೆ ಕಂಪನಿಯವರು ಯಂತ್ರವನ್ನು ಪ್ರದರ್ಶನಕ್ಕೆ ತಂದರು. ಆಸ್ಪತ್ರೆಯ ದೊಡ್ಡ ಹಾಲಿನಲ್ಲಿ ಇಟ್ಟು, ಸಿಬ್ಬಂದಿ ತಮ್ಮ ಮನೆಯವರನ್ನೂ ಕರೆತರಬಹುದು ಎಂದರು. ಭಾವನಿಗೆ ಹೊಟ್ಟೆ ಹಿಡಿದುಕೊಂಡಿತ್ತು, ಅಕ್ಕ ಬಂದಳು. ನಾಲ್ಕು ಉದ್ದ ತೋಳು, ಮೈತುಂಬ ಪ್ಲಾಸ್ಟಿಕ್ ಹೊದಿಕೆ. ಅಕ್ಕ ಸುತ್ತಲೂ ಒಂದು ಸುತ್ತು ಹಾಕಿ, ಇದಕ್ಕೆ ಮುಖ ಎಲ್ಲಿ ಎಂದು ಕೇಳಿದಳು. ಟೈ ಕಟ್ಟಿದ್ದ ಕಂಪನಿಯವರು ನಕ್ಕು, ಮುಖ ಇಲ್ಲ ತಾಯಿ, ಅದೋ ಆ ಮೂಲೆಯ ಪೆಟ್ಟಿಗೆಯಲ್ಲಿ ಡಾಕ್ಟರು ಕಣ್ಣಿಟ್ಟು ಕೂರುತ್ತಾರೆ, ಅವರ ಬೆರಳು ಆಡಿದ ಹಾಗೆ ಈ ತೋಳು ಆಡುತ್ತದೆ ಎಂದು ವಿವರಿಸಿದರು. ಒಂದು ದ್ರಾಕ್ಷಿಹಣ್ಣಿನ ಸಿಪ್ಪೆಯನ್ನು ಅದರಿಂದ ನಾಜೂಕಾಗಿ ಸುಲಿದೂ ತೋರಿಸಿದರು.

ಗುಮಾಸ್ತರು ಆ ತನಕ, ರೋಬೋ ತಾನಾಗಿಯೇ ನಡೆದುಬಂದು, ಕಾಗದ ಪತ್ರ ನೋಡಿ, ಕೊಯ್ದು, ಹೊಲಿದು ಹೋಗುತ್ತದೆ ಎಂದೇ ನಂಬಿದ್ದರು. ಬೀದಿಗೂ ಹಾಗೇ ಹೇಳಿದ್ದರು. ಈಗ ಗೋಡೆಯ ಗಡಿಯಾರ ನೋಡುತ್ತ ನಿಂತರು.

ಅಕ್ಕನ ತಲೆ ಮಾತ್ರ ಓಡುತ್ತಿತ್ತು. “ಕೊಯ್ಯೋದು ಡಾಕ್ಟರೇ ಆದ್ರೆ, ಅವರು ಹತ್ತಿರ ನಿಂತೇ ಕೊಯ್ಯಬಹುದಲ್ಲ?” ಅಂದಳು.

ಹಿಂದೆ ನಿಂತಿದ್ದ ಸರ್ಜನ್ ಮೇಡಂ ಇದನ್ನು ಕೇಳಿಸಿಕೊಂಡು, ಸಮಿತಿಯ ಮುಂದಿರುವ ಪ್ರಶ್ನೆಯೂ ಅದೇ ಎಂದರು. ಕೆಲವು ಇಕ್ಕಟ್ಟಾದ ಜಾಗಗಳಿವೆ, ಅಲ್ಲಿ ಇದರ ಮಣಿಕಟ್ಟು ತಿರುಗಿದ ಹಾಗೆ ನಮ್ಮದು ತಿರುಗುವುದಿಲ್ಲ, ಅಂಥ ಕಡೆ ಇದು ನಿಜವಾಗಿ ಒಳ್ಳೆಯದು; ಉಳಿದ ಕಡೆ ನಮ್ಮ ಕೈಯೇ ಸಾಕು ಎಂದು ಬಿಡಿಸಿ ಹೇಳಿದರು. ಯಾವ ರೋಗಕ್ಕೆ ಎಂದು ಅವರು ಕೇಳುವುದರೊಳಗೆ ಗುಮಾಸ್ತರು ಅಕ್ಕನನ್ನು ಬಸ್ಸು ತಪ್ಪುತ್ತದೆ ಎಂದು ಹೊರಡಿಸಿಬಿಟ್ಟರು. ಬಸ್ಸು ಹತ್ತು ನಿಮಿಷಕ್ಕೊಂದಿತ್ತು. ದಾರಿಯಲ್ಲಿ ಅಕ್ಕ, ಮೇಡಮ್ಮನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಕಣೋ ಅಂದಳು. ಸಮಿತಿಯವರು ಮುಂಚಿತವಾಗಿ ಚರ್ಚಿಸುವ ಹಾಗಿಲ್ಲ ಎಂದು ಗುಮಾಸ್ತರು ಗಂಭೀರವಾಗಿ ಹೇಳಿದರು.

ಸಭೆಯ ದಿನ ಅವರಿಗೆ ಬಾಗಿಲ ಪಕ್ಕ ಒಂದು ಸ್ಟೂಲು ಸಿಕ್ಕಿತು. ಕಂಪನಿಯವರು ಚಿತ್ರ ತೋರಿಸಿ ಒಂದು ಗಂಟೆ ಮಾತಾಡಿದರು. ಯಂತ್ರದ ಬೆಲೆ ಹನ್ನೊಂದು ಕೋಟಿ. ಪ್ರತಿ ವರ್ಷ ಅದರ ದೇಖರೇಖಿಗೆ ಇನ್ನೊಂದು ಕೋಟಿ. ತೋಳಿನ ತುದಿಗೆ ಹಾಕುವ ಕತ್ತರಿ ಚಿಮಟಗಳನ್ನು ಹನ್ನೆರಡು ಸಲ ಬಳಸಿದ ಮೇಲೆ ಯಂತ್ರವೇ ಎಣಿಸಿ, ಇನ್ನು ಬೇಡ ಎಂದು ನಿಂತುಬಿಡುತ್ತದೆ. ಎಣಿಸುವುದು ತನ್ನ ಕೆಲಸ ಎಂದುಕೊಂಡಿದ್ದ ಗುಮಾಸ್ತರಿಗೆ ಇದು ಸ್ವಲ್ಪ ಚುಚ್ಚಿತು. ವರ್ಷಕ್ಕೆ ಮುನ್ನೂರು ಆಪರೇಷನ್ ಇದ್ದರೆ ಹಾಕಿದ ಹಣ ಸಾರ್ಥಕ, ಅದಕ್ಕಿಂತ ಕಡಿಮೆಯಾದರೆ ಆಸ್ಪತ್ರೆಗೆ ಭಾರ ಎಂದು ಕಂಪನಿಯವರೇ ಒಪ್ಪಿಕೊಂಡರು. ಸಮಿತಿಯ ಮುಖ್ಯಸ್ಥರು ಕನ್ನಡಕದ ಮೇಲಿನಿಂದ ಬಾಗಿಲ ಕಡೆ ನೋಡಿದರು.

“ನಮ್ಮಲ್ಲಿ ವರ್ಷಕ್ಕೆ ಇಂಥವು ಎಷ್ಟು ಆಗುತ್ತೆ ಗುಮಾಸ್ತರೇ?”

ಮುನ್ನೂರು ಅಂದಿದ್ದರೆ ಮುಗಿಯುತ್ತಿತ್ತು. ಭಾವನ ಮುಖ, ಪಟ್ಟಿಯಲ್ಲಿದ್ದ ಹದಿನಾಲ್ಕು ಹೆಸರು, ಕಿವಿಯ ಹಿಂದೆ ಆಡಿದ ಕತ್ತರಿ, ಎಲ್ಲ ಒಟ್ಟಿಗೆ ನೆನಪಾದವು. ಆದರೆ ಇಪ್ಪತ್ತಾರು ವರ್ಷ ಒಂದು ಸೂಜಿಯನ್ನೂ ಹೆಚ್ಚು ಕಡಿಮೆ ಹೇಳದ ನಾಲಿಗೆ ಅದು.

“ನೂರಾನಾಲ್ಕು, ಸರ್” ಅಂದರು.

ಆ ಮೇಲೆ ಹೆಚ್ಚು ಚರ್ಚೆಯಾಗಲಿಲ್ಲ. ಹೊಟ್ಟೆಗೆ ಇಳಿಸುವ ಹಳೆಯ ಕ್ಯಾಮೆರಾ ಮಂಜುಗಟ್ಟುತ್ತಿದೆ, ಅದನ್ನು ಬದಲಾಯಿಸಿ, ಅರಿವಳಿಕೆಗೆ ಇನ್ನೊಬ್ಬ ಡಾಕ್ಟರನ್ನು ತೆಗೆದುಕೊಳ್ಳಿ, ಆಗ ಈಗಿರುವ ಕೈಗಳೇ ಎರಡರಷ್ಟು ಜನರನ್ನು ನೋಡಬಹುದು ಎಂದು ಸರ್ಜನ್ ಮೇಡಂ ಹೇಳಿದರು. ಹಾಗೇ ಆಯಿತು. ರೋಬೋ ವಿಷಯ ಮೂರು ವರ್ಷದ ನಂತರ ನೋಡೋಣ ಎಂದು ಬರೆದುಕೊಂಡರು. ಮುಖ್ಯಸ್ಥರು ಗುಮಾಸ್ತರನ್ನು ಕರೆದು, ನಿಮ್ಮ ಲೆಕ್ಕ ನಮ್ಮನ್ನು ಉಳಿಸಿತು ಎಂದು, ಡಾಕ್ಟರುಗಳಿಗೆ ಇಟ್ಟಿದ್ದ ಪಿಂಗಾಣಿ ಕಪ್ಪಿನಲ್ಲಿ ಟೀ ಕುಡಿಸಿದರು. ಅದು ಅವರ ಉದ್ಯೋಗದ ಅತ್ಯಂತ ದೊಡ್ಡ ದಿನ. ಆ ಸಂತೋಷ ಎರಡನೆಯ ಮಹಡಿಯಿಂದ ನೆಲಮಾಳಿಗೆಗೆ ಇಳಿಯುವಷ್ಟು ಹೊತ್ತು ಇತ್ತು.

ಸಂಜೆ ಹೇಳಿಬಿಡೋಣ ಎಂದು ಅಕ್ಕನ ಮನೆಗೇ ನೇರ ಹೋದರು. ಹೋದರೆ ಅಲ್ಲಿ ಇಡೀ ಬ್ಯಾಂಡು ಕೂತಿತ್ತು. ರೋಬೋ ಆಸ್ಪತ್ರೆಗೆ ಬರುವ ದಿನ ಸ್ವಾಗತಕ್ಕೆ ನುಡಿಸಲು ಬ್ಯಾಂಡ್ ಮಾಸ್ತರರು ಹೊಸ ಮಟ್ಟೊಂದನ್ನು ಕಟ್ಟಿದ್ದರು. ನಡುವೆ ಭಾವನಿಗೆ ಒಬ್ಬರೇ ಊದುವ ಭಾಗ. ರೋಬೋ ಸಾಹೇಬರು ಬಂದರು ಎಂದು ಎಲ್ಲರೂ ಎದ್ದು ನಿಂತರು. ಡೋಲು ಹೊಡೆಯುವಾತ ಕುರ್ಚಿ ಒರೆಸಿದ. ಭಾವ ಹೊಟ್ಟೆಯನ್ನು ಎಡಗೈಯಲ್ಲಿ ಒತ್ತಿಕೊಂಡು, ಏನಾಯ್ತು ಎಂದು ಕೇಳಿದರು.

“ಫೈಲು ಮೇಲೆ ಹೋಗಿದೆ” ಅಂದರು ಗುಮಾಸ್ತರು.

ಫೈಲು ಮೇಲೆ ಹೋದ ಮೇಲೆ ಇಳಿಯಲೇಬೇಕು. ನಾಲ್ಕನೆಯ ದಿನ ಗುಮಾಸ್ತರ ಬಾಯಲ್ಲೇ ಅದು ಇಳಿದು ಆರ್ಡರ್ ಆಯಿತು. ಎಂಟನೆಯ ದಿನಕ್ಕೆ ರೋಬೋ ಹಡಗು ಹತ್ತಿತು. ಎದುರು ಮನೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಟೀಚರೊಬ್ಬರಿದ್ದರು. ಅವರು ಗೋಡೆಗೆ ನಕ್ಷೆ ಹಾಕಿ, ಹಡಗು ಇರುವಲ್ಲಿಗೆ ಗುಂಡುಪಿನ್ನು ಚುಚ್ಚತೊಡಗಿದರು. ದಿನಾ ಬೆಳಿಗ್ಗೆ ಗುಮಾಸ್ತರು ಆಫೀಸಿಗೆ ಹೊರಟಾಗ ಕಿಟಕಿಯಿಂದ, ಈಗ ಎಲ್ಲಿದೆ ಎಂದು ಕೇಳುವರು. ಗುಮಾಸ್ತರು ಬಾಯಿಗೆ ಬಂದದ್ದು ಹೇಳುವರು. ಒಂದು ದಿನ ಟೀಚರು ಬೀದಿಗೇ ಇಳಿದು ಬಂದು, ಹಡಗು ವಾಪಸು ಹೋಗುತ್ತಿದೆಯಲ್ಲ ಎಂದು ಆತಂಕ ತೋಡಿಕೊಂಡರು. ಬಿರುಗಾಳಿ, ಸುತ್ತಿಕೊಂಡು ಬರಬೇಕಾಗಿದೆ ಎಂದು ಗುಮಾಸ್ತರು ಅದನ್ನು ಸರಿಪಡಿಸಿದರು. ದಿನಸಿ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿಯದೇ ಮಾತು.

ಇತ್ತ ಭಾವನಿಗೆ ನೋವು ದಿನ ಬಿಟ್ಟು ದಿನ ಬರುತ್ತಿದ್ದದ್ದು ದಿನಾ ಬರತೊಡಗಿತು. ಗಂಜಿ, ಬಿಸಿನೀರು ಬಿಟ್ಟು ಬೇರೇನೂ ಹಿಡಿಸುತ್ತಿರಲಿಲ್ಲ. ಹಡಗು ಹತ್ತಿರ ಬಂದಿದೆ ಎಂದು ಗೋಡೆ ಹಿಡಿದು ಎದ್ದು ಕೂರುವರು. ಗುಮಾಸ್ತರ ಹೆಂಡತಿಗೆ ಆಸ್ಪತ್ರೆಯ ಆಯಾ ಒಬ್ಬರಿಂದ ವಿಷಯ ತಿಳಿದಿತ್ತು. ಆಕೆ ಜಗಳವಾಡಲಿಲ್ಲ. ಗಂಡನ ಮುಂದೆ ತಟ್ಟೆ ಇಟ್ಟು, ಇವತ್ತೇ ಹೋಗಿ ಹೇಳಿ ಬನ್ನಿ, ಬೈಸಿಕೊಂಡು ಬನ್ನಿ, ಅವರು ಬೈದರೆ ನಾನೇ ಸಮಾಧಾನ ಮಾಡ್ತೀನಿ ಎಂದಳು. ಆವತ್ತು ಶುಕ್ರವಾರ. ಭಾನುವಾರ ಎಲ್ಲರೂ ನಿರಾಳವಾಗಿ ಇರುತ್ತಾರೆ, ಆಗ ಹೇಳುತ್ತೇನೆ ಎಂದರು ಗುಮಾಸ್ತರು. ಮುಂದೆ ಅವರು ಲೆಕ್ಕ ಹಾಕಿದ್ದುಂಟು: ಸಭೆಯಿಂದ ಆ ಶುಕ್ರವಾರಕ್ಕೆ ಹದಿನೆಂಟು ದಿನ. ಹದಿನೆಂಟರಲ್ಲಿ ಯಾವ ಒಂದು ದಿನ ಹೇಳಿದ್ದರೂ ಆಗುತ್ತಿತ್ತು.

ಶನಿವಾರ ಮಧ್ಯಾಹ್ನ ಅಭ್ಯಾಸಕ್ಕೆ ಕೂತ ಭಾವ, ಸ್ವಾಗತದ ಮಟ್ಟಿನಲ್ಲಿ ತಮ್ಮ ಭಾಗ ಬಂದಾಗ ಟ್ರಂಪೆಟ್ ಎತ್ತಿ ಮೇಲಿನ ಸ್ವರ ಹಿಡಿದರು. ಸ್ವರ ಅರ್ಧಕ್ಕೆ ನಿಂತಿತು. ಅವರು ಎರಡಾಗಿ ಮಡಚಿಕೊಂಡು ಕೆಳಗೆ ಬಿದ್ದಾಗಲೂ ಟ್ರಂಪೆಟ್ ನೆಲಕ್ಕೆ ತಾಗದಂತೆ ಎದೆಗೆ ಒತ್ತಿಕೊಂಡಿದ್ದರಂತೆ. ಆಸ್ಪತ್ರೆಗೆ ತಂದಾಗ ಮೈ ಕೆಂಡವಾಗಿತ್ತು.

ಆಪರೇಷನ್ನಿಗೆ ನಾಲ್ಕು ಗಂಟೆ ಹಿಡಿಯಿತು. ಹೊರಗಿನ ಬೆಂಚಿನಲ್ಲಿ ಅಕ್ಕ, ಪಕ್ಕದಲ್ಲಿ ಗುಮಾಸ್ತರು. ಒಳಗೆ ಬಳಸುತ್ತಿದ್ದ ಹತ್ತಿ, ದಾರ, ಬಟ್ಟೆಯ ಪ್ರತಿ ಕಟ್ಟನ್ನೂ ಕೊಟ್ಟವರು ತಾವೇ. ಮೂರು ಸಲ ನರ್ಸು ಓಡಿಬಂದಳು, ಮೂರು ಸಲವೂ ಅವರು ನೆಲಮಾಳಿಗೆಗೆ ಇಳಿದು ಇನ್ನಷ್ಟು ತಂದುಕೊಟ್ಟರು. ಎಷ್ಟು ಹೋಯಿತೆಂದು ಎಣಿಸದೆ ಕೊಟ್ಟದ್ದು ಅದೇ ಮೊದಲು.

ಕಡೆಗೆ ಸರ್ಜನ್ ಮೇಡಂ ಟೋಪಿ ಕಳಚುತ್ತ ಬಂದರು. ಜೀವಕ್ಕೆ ಅಪಾಯವಿಲ್ಲ ಎಂದರು. ಆದರೆ ಪಿತ್ತಕೋಶ ಕೀವುಗಟ್ಟಿ ಸುತ್ತಲಿನದಕ್ಕೆಲ್ಲ ಅಂಟಿಕೊಂಡಿತ್ತು, ತೂತಿನಲ್ಲಿ ಆಗಲಿಲ್ಲ, ಹೊಟ್ಟೆಯನ್ನು ಪಕ್ಕೆಲುಬಿನ ಕೆಳಗೆ ಒಂದು ಗೇಣು ತೆರೆಯಬೇಕಾಯಿತು ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು.

“ನಾನು ತಾರೀಖು ಕೊಟ್ಟಿದ್ದೆ. ಯಾಕೆ ಬೇಡ ಅಂದ್ರಿ?”

“ರೋಬೋಗೆ ಕಾಯ್ತಾ ಇದ್ವಿ” ಅಂದಳು ಅಕ್ಕ.

“ಯಾವ ರೋಬೋ? ಅದನ್ನ ಬೇಡ ಅಂತ ಮೂರು ವಾರದ ಹಿಂದೆಯೇ ತೀರ್ಮಾನ ಆಯ್ತಲ್ಲ. ಬಂದಿದ್ರೂ ಈ ಕಾಯಿಲೆಗೆ ಅದರಲ್ಲೂ ತೂತು ನಾಲ್ಕೇ ಅಮ್ಮ. ಆವತ್ತು ಬಂದಿದ್ರೆ ನಲವತ್ತು ನಿಮಿಷದ ಕೆಲಸ.”

ಮೇಡಂ ಕೈ ತೊಳೆಯಲು ಹೋದರು. ಅಕ್ಕ ತಮ್ಮನ ಮುಖ ನೋಡಿದಳು. ಬೈಗುಳಕ್ಕೆ ಗುಮಾಸ್ತರು ತಯಾರಾಗಿದ್ದರು. ಆಕೆ ಬೆಂಚಿನಿಂದೆದ್ದು, ಕಾರಿಡಾರಿನ ಆ ತುದಿಯ ಬೆಂಚಿಗೆ ಹೋಗಿ ಕೂತಳು.

ಭಾವ ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬೀದಿಯವರಿಗೆ ಆ ಹೊತ್ತಿಗೆ ಎಲ್ಲವೂ ತಿಳಿದಿತ್ತು. ಪಟ್ಟಿಯಲ್ಲಿದ್ದವರು ಒಬ್ಬೊಬ್ಬರಾಗಿ ಹೋಗಿ ಮೇಡಂ ಹತ್ತಿರ ಮಾಡಿಸಿಕೊಂಡು ಬಂದರು. ಹಲ್ಲಿನವರು ಹಲ್ಲಿನ ಡಾಕ್ಟರ ಹತ್ತಿರ ಹೋದರು. ಟೀಚರು ನಕ್ಷೆ ಸುತ್ತಿಟ್ಟರು. ಕಿಟಕಿಯಿಂದ ಏನನ್ನೂ ಕೇಳಲಿಲ್ಲ. ಕ್ಷೌರಿಕ ಮೊದಲಿನ ವೇಗಕ್ಕೇ ಮರಳಿದ. ಭಾವನ ಮುಂದೆ ಮಾತ್ರ ಯಾರೂ ಸೊಲ್ಲೆತ್ತಲಿಲ್ಲ. ಅಕ್ಕ ಅದೊಂದನ್ನು ಮನೆಮನೆಗೆ ಹೋಗಿ ಕೇಳಿಕೊಂಡಿದ್ದಳು.

ಏಳು ತಿಂಗಳಾದ ಮೇಲೆ ಭಾವ ಟ್ರಂಪೆಟ್ ಎತ್ತಿದರು. ಎರಡು ವಾರಕ್ಕೆ ಕೊಯ್ದ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿಕೊಂಡಿತು. ಒಳಗಿನ ಹೊಲಿಗೆ ಸಡಿಲಾಗಿದೆ, ಬಲೆಯಂಥ ತೇಪೆ ಹಾಕಿ ಸರಿಮಾಡುತ್ತೇನೆ, ಆದರೆ ಇನ್ನು ಊದುವ ಆಸೆ ಬಿಡಿ ಎಂದರು ಮೇಡಂ. ಬ್ಯಾಂಡ್ ಮಾಸ್ತರರು ಹಳೆಯ ಸ್ನೇಹಕ್ಕೆ ಅವರಿಗೆ ತಾಳ ಕೊಟ್ಟರು, ಆ ದೊಡ್ಡ ಹಿತ್ತಾಳೆಯ ತಟ್ಟೆಗಳು. ಇಡೀ ಕಾರ್ಯಕ್ರಮದಲ್ಲಿ ಅವಕ್ಕೆ ಹೆಚ್ಚೆಂದರೆ ಆರು ಸಲ ಕೆಲಸ.

ಗುಮಾಸ್ತರು ತಡೆಯಲಾರದೆ ಒಂದು ಸಂಜೆ ಹೇಳಲು ಹೋದರು. ಅಕ್ಕ ಅವರನ್ನು ನೋಡಿ ಒಳಗೆ ಹೋಗಿ ಪಾತ್ರೆ ಉಜ್ಜತೊಡಗಿದಳು. ಭಾವ ತಾಳಕ್ಕೆ ಪಾಲಿಶ್ ಹಚ್ಚುತ್ತಿದ್ದರು. ಗುಮಾಸ್ತರು ಎದುರಿಗೆ ಕೂತು, ಭಾವ, ರೋಬೋ ಬರದೇ ಇದ್ದದ್ದಕ್ಕೆ ಕಾರಣ ನಾನು ಎಂದು ಶುರುಮಾಡಿದರು. ಸಮಿತಿಯಲ್ಲಿ ನನ್ನ ಮಾತು ನಡೆಯುವಂಥದ್ದೇ ಅಲ್ಲ, ನಾನು ಅಲ್ಲಿ ಏನೂ ಅಲ್ಲ ಎಂದು ಮುಂದುವರಿದರು. ಅಷ್ಟರಲ್ಲಿ ಭಾವ ಬಟ್ಟೆ ಕೆಳಗಿಟ್ಟು ಅವರ ಭುಜ ಹಿಡಿದರು.

“ಸುಮ್ಮನಿರಪ್ಪ. ಅಷ್ಟು ದೊಡ್ಡ ದೊಡ್ಡವರ ನಡುವೆ ನೀನೊಬ್ಬನೇ ಏನು ಮಾಡ್ತೀಯ. ನನಗೋಸ್ಕರ ಅಷ್ಟು ಹೋರಾಡಿದೆಯಲ್ಲ, ಅದೇ ಸಾಕು.”

ಒಳಗೆ ಪಾತ್ರೆಯ ಸದ್ದು ನಿಂತಿತು. ಗುಮಾಸ್ತರು ತಲೆ ಅಲ್ಲಾಡಿಸಿ, ಹಾಗಲ್ಲ ಭಾವ ಎಂದರು. ಭಾವ ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ದನಿಯೆತ್ತಿ ಗದರಿಸಿದರು. ತಮ್ಮ ಇಷ್ಟು ಒದ್ದಾಡ್ತಾ ಇದ್ದಾನೆ, ನೀನು ಮುಖ ಕೊಟ್ಟು ಮಾತಾಡದೆ ಎಷ್ಟು ತಿಂಗಳಾಯ್ತು, ಬಂದು ಒಂದು ಲೋಟ ಟೀ ಆದರೂ ಕೊಡು ಎಂದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ಇಬ್ಬರಿಗೂ ಟೀ ಇಟ್ಟು ಹೋದಳು. ಗುಮಾಸ್ತರು ಅದನ್ನು ಕುಡಿದರು. ಕುಡಿಯದೆ ಬೇರೆ ದಾರಿ ಇರಲಿಲ್ಲ.

ಭಾನುವಾರಗಳಂದು ಅವರಿಗಾಗಿ ಭಾವ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಡುತ್ತಾರೆ. ಗುಮಾಸ್ತರು ತಪ್ಪದೆ ಹೋಗುತ್ತಾರೆ. ಟ್ರಂಪೆಟ್ಟಿಗೆ ಈಗ ಹೊಸ ಹುಡುಗಿ ಬಂದಿದ್ದಾಳೆ, ಚೆನ್ನಾಗಿಯೇ ಊದುತ್ತಾಳೆ. ಅವಳು ಮೇಲಿನ ಸ್ವರ ಹಿಡಿಯುವ ಹೊತ್ತಿಗೆ, ಹಿಂದಿನ ಸಾಲಿನಲ್ಲಿ ತಾಳ ಹಿಡಿದು ನಿಂತ ಭಾವನ ಕೆನ್ನೆಗಳು ತಾವಾಗಿಯೇ ಉಬ್ಬುತ್ತವೆ, ತುಟಿ ಬಿಗಿಯುತ್ತದೆ, ಅವಳ ಉಸಿರು ಮುಗಿಯುವ ತನಕ ಹಾಗೇ ಇರುತ್ತವೆ. ಆಮೇಲೆ ಜನ ಚಪ್ಪಾಳೆ ತಟ್ಟುತ್ತಾರೆ. ಗುಮಾಸ್ತರೂ ತಟ್ಟುತ್ತಾರೆ.